ನಾಲ್ಕು ನಡೆಯ ಗುಟ್ಟಿನ ಪೆಟ್ಟಿಗೆ: ಹಕೋನೆಯ ಹಿಮಿತ್ಸು-ಬಾಕೊ ಮಾಡುವ ಬಗೆ

ಬೀಗ ಇಲ್ಲ, ತಿರುಗಣಿ ಇಲ್ಲ, ಹಿಡಿಕೆಯೂ ಇಲ್ಲ. ಮುಚ್ಚಳ ಯಾವುದು, ತಳ ಯಾವುದು ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ಎಡಬದಿಯ ಹಲಗೆಯನ್ನು ಸ್ವಲ್ಪ ಕೆಳಗೆ ಜಾರಿಸಿದರೆ ಮುಂದಿನ ಹಲಗೆ ಅಲುಗಾಡುತ್ತದೆ. ಅದನ್ನು ಸರಿಸಿದರೆ ಬಲಬದಿ ಸಡಿಲವಾಗುತ್ತದೆ. ಅದು ಇಳಿದರೆ ಮಾತ್ರ ಮುಚ್ಚಳ ಸರಿಯುತ್ತದೆ. ಜಪಾನಿನಲ್ಲಿ ಇದಕ್ಕೆ ಹಿಮಿತ್ಸು-ಬಾಕೊ ಅನ್ನುತ್ತಾರೆ, ಅಂದರೆ ಗುಟ್ಟಿನ ಪೆಟ್ಟಿಗೆ.

ಇದರ ಊರು ಹಕೋನೆ. ಟೋಕಿಯೋದ ನೈಋತ್ಯಕ್ಕೆ, ಕನಗಾವ ಪ್ರಾಂತ್ಯದ ಬೆಟ್ಟಗಳ ನಡುವೆ ಬಿಸಿನೀರ ಬುಗ್ಗೆಗಳಿರುವ ಜಾಗ. ಎದೊ ಕಾಲದಲ್ಲಿ (1603-1868) ಎದೊ (ಈಗಿನ ಟೋಕಿಯೋ) ಮತ್ತು ಕ್ಯೋಟೊ ನಡುವಿನ ತೊಕೈದೊ ಹೆದ್ದಾರಿ ಇಲ್ಲಿಂದಲೇ ಹೋಗುತ್ತಿತ್ತು. ದಾರಿಯಲ್ಲಿ ಸರ್ಕಾರದ ತಪಾಸಣೆ ಠಾಣೆಯೂ ಇತ್ತು. ಹೋಗಿಬರುವ ಜನ ನೆನಪಿಗೆ ಅಂತ ಮರದ ಸಾಮಾನು ಕೊಳ್ಳುತ್ತಿದ್ದರು. ಆ ಹಳೇ ರಸ್ತೆಯ ಪಕ್ಕದ ಹತಜುಕು ಹಳ್ಳಿಯಲ್ಲಿ 19ನೇ ಶತಮಾನದ ಮೊದಲರ್ಧದಲ್ಲಿ ಇಶಿಕಾವ ನಿಹೆ ಎಂಬ ಕುಶಲಕರ್ಮಿ ಬಣ್ಣಬಣ್ಣದ ಮರಗಳನ್ನು ಜೋಡಿಸಿ ಚಿತ್ತಾರ ಮಾಡುವ ಯೊಸೆಗಿ ಕೆಲಸ ಶುರುಮಾಡಿದ ಎನ್ನುತ್ತಾರೆ. 1984ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಎಂದು ಅಧಿಕೃತವಾಗಿ ಗುರುತಿಸಿತು. ಗುಟ್ಟಿನ ಪೆಟ್ಟಿಗೆಯ ಮೈಮೇಲೆ ಕಾಣುವ ಚಿತ್ತಾರ ಇದೇ ಯೊಸೆಗಿ. ಅದು ಬರೀ ಅಲಂಕಾರ ಅಲ್ಲ. ಅದರ ಇನ್ನೊಂದು ಕೆಲಸ ಮುಂದೆ ಗೊತ್ತಾಗುತ್ತದೆ.

ಅಂಗಡಿಗಳಲ್ಲಿ ಈ ಪೆಟ್ಟಿಗೆಗಳನ್ನು ಎರಡು ಲೆಕ್ಕದಲ್ಲಿ ಮಾರುತ್ತಾರೆ. ಅಳತೆ 'ಸುನ್' ಲೆಕ್ಕದಲ್ಲಿ (1 ಸುನ್ ಅಂದರೆ ಸುಮಾರು 3.03 ಸೆಂ.ಮೀ.), ಕಷ್ಟ 'ನಡೆ'ಗಳ ಲೆಕ್ಕದಲ್ಲಿ, ಅಂದರೆ ತೆರೆಯಲು ಎಷ್ಟು ಸಲ ಸರಿಸಬೇಕು ಅನ್ನುವುದರ ಮೇಲೆ. 4, 7, 10, 21, 27, 54, 72 ನಡೆಯ ಪೆಟ್ಟಿಗೆಗಳಿವೆ. ಮೊದಲ ಸಲ ಮಾಡುವವರಿಗೆ ನಾಲ್ಕೇ ಸಾಕು. ಸಲೀಸಾಗಿ ಜಾರುವ ನಾಲ್ಕು ನಡೆ ಮುಂದೆ ಕಿರುಗುಟ್ಟುವ ಹತ್ತು ನಡೆ ಏನೇನೂ ಅಲ್ಲ. ಇಲ್ಲಿ ಕೊಟ್ಟಿರುವುದು ಹಕೋನೆಯ ತತ್ವವನ್ನೇ ಇಟ್ಟುಕೊಂಡು ಕೈ ಉಪಕರಣಗಳಿಗೆ ಒಗ್ಗುವಂತೆ ಸರಳ ಮಾಡಿದ ವಿನ್ಯಾಸ. ಹೊರಗಿನ ಅಳತೆ 150 × 100 × 60 ಮಿ.ಮೀ. ಅಂದರೆ ಹೆಚ್ಚುಕಡಿಮೆ 5 ಸುನ್ ಪೆಟ್ಟಿಗೆ.

ಮರ ಮತ್ತು ಉಪಕರಣ

ಮರ ಚೆನ್ನಾಗಿ ಒಣಗಿರಬೇಕು. ಈ ಕೆಲಸದಲ್ಲಿ ಬೇರೆ ಎಲ್ಲಕ್ಕಿಂತ ಮುಖ್ಯ ಇದೇ. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದಲ್ವಾ, ಅಲ್ಲಿ ಒಂದೆರಡು ಮಿ.ಮೀ. ಉಬ್ಬಿದರೂ ಉಜ್ಜಿ ಸರಿಮಾಡಬಹುದು. ಇಲ್ಲಿ ನಮಗಿರುವ ಸಂದು 0.2 ಮಿ.ಮೀ. ಮಾತ್ರ. ಹಲಗೆ ತಂದ ಕೂಡಲೇ ಕೊಯ್ಯಬೇಡಿ. ಕೆಲಸ ಮಾಡುವ ಕೋಣೆಯಲ್ಲೇ, ಮಧ್ಯೆ ಕಡ್ಡಿ ಇಟ್ಟು ಗಾಳಿಯಾಡುವಂತೆ ಪೇರಿಸಿ, ಕೆಲವು ವಾರ ಬಿಡಿ. ಬೇಕಾದ ದಪ್ಪಕ್ಕಿಂತ 2 ಮಿ.ಮೀ. ಜಾಸ್ತಿ ಇಟ್ಟು ಕೊಯ್ದು, ಇನ್ನೊಂದು ವಾರ ಬಿಟ್ಟು, ಆಮೇಲೆ ಅಂತಿಮ ಅಳತೆಗೆ ಕೀಸಿ. ಕೊಯ್ದ ಮೇಲೆ ಸೊಟ್ಟಗಾಗುವ ಹಲಗೆ ಆ ವಾರದಲ್ಲೇ ಸೊಟ್ಟಗಾಗಿಬಿಡುತ್ತದೆ.

ಹಕೋನೆಯವರು ಮ್ಯಾಗ್ನೋಲಿಯಾ ಜಾತಿಯ ಹೊನೊಕಿ, ಕತ್ಸುರ ಮುಂತಾದ ಮೆತ್ತನೆಯ, ಎಳೆ ನೇರವಾಗಿರುವ ಮರ ಬಳಸುತ್ತಾರೆ. ನಮ್ಮಲ್ಲಿ ತೇಗ ಒಳ್ಳೆಯದು, ಒಣಗಿದ ಮೇಲೆ ಅದು ಜಾಸ್ತಿ ಅಲುಗಾಡುವುದಿಲ್ಲ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಬೆಳ್ಳಗೆ, ನುಣುಪಾಗಿ ಕೀಸಲು ಬರುತ್ತದೆ. ಗಂಟು ಇರುವ ತುಂಡು, ಎಳೆ ಸುತ್ತಿಕೊಂಡ ತುಂಡು ಬೇಡವೇ ಬೇಡ.

ಉಪಕರಣ ಜಾಸ್ತಿ ಬೇಕಿಲ್ಲ. ಸಣ್ಣ ಹಲ್ಲಿನ ಗರಗಸ, ಕೀಸುಳಿ, 3, 6 ಮತ್ತು 12 ಮಿ.ಮೀ. ಉಳಿಗಳು, ಮೂಲೆಮಟ್ಟ, ಮಾರ್ಕಿಂಗ್ ಗೇಜ್ (ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆಯುವ ಸಾಧನ), ವರ್ನಿಯರ್ ಕ್ಯಾಲಿಪರ್, ಸಣ್ಣ ಡ್ರಿಲ್, ನಾಲ್ಕೈದು ಕ್ಲಾಂಪು, ಮರದ ಅಂಟು. ಜಪಾನಿನ ಗರಗಸ ಸಿಕ್ಕರೆ ತಗೊಳ್ಳಿ. ಅದು ತಳ್ಳುವಾಗ ಅಲ್ಲ, ಎಳೆಯುವಾಗ ಕೊಯ್ಯುತ್ತದೆ. ಹಾಗಾಗಿ ಅಲಗು ತೆಳ್ಳಗಿದ್ದರೂ ಬಾಗುವುದಿಲ್ಲ, ಕೊಯ್ದ ಗೀರು ಕಿರಿದಾಗಿರುತ್ತದೆ. ಉಳಿ ಎಷ್ಟು ಹರಿತ ಇರಬೇಕು ಅಂದರೆ, ಎಳೆಯ ತುದಿಯನ್ನು ಅಡ್ಡಕ್ಕೆ ಸವರಿದಾಗ ಪುಡಿ ಉದುರಬಾರದು, ತೆಳ್ಳಗಿನ ಸಿಪ್ಪೆ ಏಳಬೇಕು.

ಗುಟ್ಟು ಎಲ್ಲಿದೆ, ಮೊದಲು ಅರ್ಥಮಾಡಿಕೊಳ್ಳಿ

ಒಳಗೊಂದು ಅಲುಗಾಡದ ಪೆಟ್ಟಿಗೆ ಇರುತ್ತದೆ. ಅದರ ಹೊರಗೆ ನಾಲ್ಕು ಕಡೆಯೂ ಹಲಗೆಗಳು. ಹಿಂದಿನದು ಅಂಟಿಸಿದ್ದು. ಎಡ ಮತ್ತು ಬಲ ಹಲಗೆಗಳು ಕೆಳಗೆ 7 ಮಿ.ಮೀ. ಜಾರುತ್ತವೆ. ಮುಂದಿನ ಹಲಗೆ ಎಡಕ್ಕೆ 4 ಮಿ.ಮೀ. ಜಾರುತ್ತದೆ. ಮುಂದಿನ ಹಲಗೆಯ ಒಳಮೈಯಿಂದ ಎರಡು ಸಣ್ಣ ಬಿದಿರು ಗೂಟಗಳು ಹೊರಚಾಚಿ, ಎಡ ಮತ್ತು ಬಲ ಹಲಗೆಗಳ ಅಂಚಿನಲ್ಲಿ ಕೊರೆದ ಜಾಡಿನೊಳಗೆ ಕೂತಿರುತ್ತವೆ.

ಎಲ್ಲ ಆಟ ಈ ಜಾಡುಗಳದ್ದು. ಪ್ರತಿ ಜಾಡಿಗೂ ಎರಡು ತುಂಡು: ಒಂದು ಉದ್ದಕ್ಕೆ ಮೇಲೆ ಹೋಗುವುದು, ಇನ್ನೊಂದು ಅಡ್ಡಕ್ಕೆ ಹೊರಗಡೆಗೆ ತಿರುಗುವುದು. ಎಡ ಹಲಗೆಯಲ್ಲಿ ಅಡ್ಡ ಜಾಡು ಮೇಲಿನ ತುದಿಯಲ್ಲಿರುತ್ತದೆ. ಬಲ ಹಲಗೆಯಲ್ಲಿ ಕೆಳಗಿನ ತುದಿಯಲ್ಲಿರುತ್ತದೆ. ಅಷ್ಟೇ ವ್ಯತ್ಯಾಸ.

ಎಡ ಹಲಗೆಯ ಗೂಟ ಉದ್ದ ಜಾಡಿನ ಬುಡದಲ್ಲಿದೆ, ಹಾಗಾಗಿ ಹಲಗೆ ಕೆಳಗೆ ಇಳಿಯಬಹುದು. ಆದರೆ ಮುಂದಿನ ಹಲಗೆ ಅತ್ತಿತ್ತ ಸರಿಯುವಂತಿಲ್ಲ, ಗೂಟದ ಎರಡೂ ಪಕ್ಕ ಜಾಡಿನ ಗೋಡೆ ಇದೆ. ಎಡ ಹಲಗೆ 7 ಮಿ.ಮೀ. ಇಳಿದಾಗ ಅಡ್ಡ ಜಾಡು ಗೂಟದ ನೇರಕ್ಕೆ ಬರುತ್ತದೆ. ಈಗ ಮುಂದಿನ ಹಲಗೆ ಎಡಕ್ಕೆ ಸರಿಯುತ್ತದೆ. ಆ ಕಡೆ ಬಲ ಹಲಗೆಯ ಗೂಟ ಇಷ್ಟು ಹೊತ್ತು ಅಡ್ಡ ಜಾಡಿನ ಕೊನೆಯಲ್ಲಿ ಸಿಕ್ಕಿಕೊಂಡು ಬಲ ಹಲಗೆಯನ್ನು ಹಿಡಿದಿತ್ತು. ಮುಂದಿನ ಹಲಗೆ ಸರಿದ ಕೂಡಲೇ ಅದು ಉದ್ದ ಜಾಡಿನ ಬುಡಕ್ಕೆ ಬರುತ್ತದೆ, ಬಲ ಹಲಗೆ ಇಳಿಯುತ್ತದೆ. ಅದರ ಮೇಲಿನ ಅಂಚು ಮುಚ್ಚಳದ ತಳಕ್ಕಿಂತ ಕೆಳಗೆ ಹೋದಾಗ ಮುಚ್ಚಳ ಬಲಕ್ಕೆ ಜಾರುತ್ತದೆ.

ಒಂದು ರಟ್ಟಿನ ಮೇಲೆ ಎರಡೂ ಜಾಡುಗಳನ್ನು ದೊಡ್ಡದಾಗಿ ಬರೆದು, ಬೆಂಕಿಕಡ್ಡಿಯನ್ನು ಗೂಟ ಅಂದುಕೊಂಡು ಸುಮ್ನೆ ಒಮ್ಮೆ ಆಡಿಸಿ ನೋಡಿ. ಇದು ತಲೆಗೆ ಹೋಗುವವರೆಗೆ ಗರಗಸ ಮುಟ್ಟಬೇಡಿ.

1. ಒಳಪೆಟ್ಟಿಗೆ

ಎಲ್ಲ 6 ಮಿ.ಮೀ. ದಪ್ಪದ ಹಲಗೆ. ಉದ್ದದ ಗೋಡೆ ಎರಡು, 126 × 60. ಗಿಡ್ಡ ಗೋಡೆ ಎರಡು, 70 × 53.5. ತಳ 114 × 70. ಗಿಡ್ಡ ಗೋಡೆಗಳು ಉದ್ದದ ಗೋಡೆಗಳ ನಡುವೆ ಕೂರುತ್ತವೆ. ಅವು ಎತ್ತರದಲ್ಲಿ ಕಡಿಮೆ ಇರುವುದು ಮುಚ್ಚಳ ಅವುಗಳ ಮೇಲೆ ಜಾರಲಿ ಅಂತ.

ಅಂಟು ಹಾಕುವ ಮೊದಲು ಉದ್ದದ ಗೋಡೆಗಳ ಒಳಮೈಯಲ್ಲಿ, ಮೇಲಂಚಿನಿಂದ 3 ಮಿ.ಮೀ. ಕೆಳಗೆ, 3.2 ಮಿ.ಮೀ. ಅಗಲ ಮತ್ತು 3 ಮಿ.ಮೀ. ಆಳದ ಜಾಡು ಕೊರೆಯಿರಿ. ಇದು ಗೋಡೆಯ ಈ ತುದಿಯಿಂದ ಆ ತುದಿವರೆಗೆ ಹೋಗಬೇಕು. ಅಂಟಿಸಿದ ಮೇಲೆ ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಇದ್ದರೆ ಪೆಟ್ಟಿಗೆ ಮೂಲೆಮಟ್ಟದಲ್ಲಿದೆ. ಅರ್ಧ ಮಿ.ಮೀ. ವ್ಯತ್ಯಾಸ ಬಂದರೂ ಅಂಟು ಹಸಿಯಿರುವಾಗಲೇ ಕ್ಲಾಂಪು ಸಡಿಲಿಸಿ ಸರಿಮಾಡಿ. ಇಲ್ಲಿ ಬಿಟ್ಟ ಸೊಟ್ಟ ಮುಂದೆ ಪ್ರತಿ ಹಲಗೆಯಲ್ಲೂ ಕಾಡುತ್ತದೆ.

2. ಮುಚ್ಚಳ

ಮುಚ್ಚಳ 6 ಮಿ.ಮೀ. ದಪ್ಪ, 125.7 ಉದ್ದ, 75.5 ಅಗಲ. ಎರಡು ಉದ್ದಂಚಿನಲ್ಲೂ ಮೇಲಿನ ಅರ್ಧ ದಪ್ಪವನ್ನು 3 ಮಿ.ಮೀ. ಒಳಗೆ ಕೊಯ್ದು ತೆಗೆದರೆ ಕೆಳಗೆ ನಾಲಗೆ ಉಳಿಯುತ್ತದೆ. ಆ ನಾಲಗೆ ಗೋಡೆಯ ಜಾಡಿನಲ್ಲಿ ಓಡಬೇಕು. ಎಳೆ ಕಡ್ಡಾಯವಾಗಿ ಉದ್ದಕ್ಕೆ ಇರಲಿ. ಮರ ಎಳೆಯ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ತೀರಾ ಕಡಿಮೆ. ಅಗಲದಲ್ಲಿ ಅರ್ಧ ಮಿ.ಮೀ. ಬಿಟ್ಟಿರುವುದು ಅದಕ್ಕೇ.

ಒಂದು ತೊಡಕಿದೆ. ಎಡ ಹಲಗೆ ಇಳಿದಾಗ ಮುಚ್ಚಳ ಎಡಕ್ಕೂ ಜಾರಿಬಿಡಬಹುದು! ಆಗ ಒಂದೇ ನಡೆಗೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದಕ್ಕೆ ಮುಚ್ಚಳವನ್ನು ಅರ್ಧ ತೆರೆದು, ಅದರ ಎಡತುದಿಯ ಕೆಳಮೈಗೆ, ತುದಿಯಿಂದ 6.5 ಮಿ.ಮೀ. ಒಳಗೆ, ಒಂದು 60 × 8 × 6 ಪಟ್ಟಿ ಅಂಟಿಸಿ. ಮುಚ್ಚಳ ಮುಚ್ಚಿದಾಗ ಈ ಪಟ್ಟಿ ಎಡ ಗೋಡೆಗೆ ಒಳಗಿನಿಂದ ಆತುಕೊಂಡು ಆ ಕಡೆ ಹೋಗದಂತೆ ತಡೆಯುತ್ತದೆ. ಬಲಕ್ಕೆ ಪೂರ್ತಿ ಎಳೆದಾಗ ಬಲ ಗೋಡೆಗೆ ತಾಗಿ ಮುಚ್ಚಳ ಕೈಗೆ ಬಾರದಂತೆಯೂ ನೋಡಿಕೊಳ್ಳುತ್ತದೆ.

3. ಹೊರ ಹಲಗೆಗಳು ಮತ್ತು ಡವ್‌ಟೇಲ್ ಪಟ್ಟಿ

ಮುಂದಿನ ಮತ್ತು ಹಿಂದಿನ ಹಲಗೆ 150 × 60, ದಪ್ಪ 9. ಎಡ ಮತ್ತು ಬಲ ಹಲಗೆ 81.6 × 60, ದಪ್ಪ 12. ಎಡ ಬಲ ಹಲಗೆಗಳಲ್ಲಿ ಎಳೆ ಅಡ್ಡಕ್ಕೆ, ಅಂದರೆ 81.6ರ ದಿಕ್ಕಿನಲ್ಲೇ ಇರಬೇಕು. ಉದ್ದಕ್ಕೆ ಇಟ್ಟರೆ ಮಳೆಗಾಲದಲ್ಲಿ ಅಗಲ ಉಬ್ಬಿ ಮುಂದಿನ ಮತ್ತು ಹಿಂದಿನ ಹಲಗೆಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಇವು ಉದುರಿಹೋಗದೆ ಜಾರಬೇಕಾದರೆ ಡವ್‌ಟೇಲ್ ಬೇಕು, ಅಂದರೆ ಬುಡ ಕಿರಿದಾಗಿ ತಲೆ ಅಗಲವಾಗಿರುವ ಪಟ್ಟಿ ಮತ್ತು ಅದೇ ಆಕಾರದ ಜಾಡು. 4 ಮಿ.ಮೀ. ಎತ್ತರದ ಪಟ್ಟಿ, ಬುಡದಲ್ಲಿ 9 ಮಿ.ಮೀ., ತಲೆಯಲ್ಲಿ 12 ಮಿ.ಮೀ. ಒಂದೇ ಉದ್ದನೆಯ ಪಟ್ಟಿ ಕೀಸಿ, ಅದರಿಂದಲೇ ಮೂರು ತುಂಡು ಮಾಡಿಕೊಳ್ಳಿ: 40, 40 ಮತ್ತು 100 ಮಿ.ಮೀ. ಮೂರನ್ನೂ ಬೇರೆಬೇರೆ ಕೀಸಿದರೆ ಮೂರೂ ಬೇರೆಬೇರೆ ಆಗುತ್ತವೆ.

40ರ ತುಂಡುಗಳು ಗಿಡ್ಡ ಗೋಡೆಗಳ ಹೊರಮೈಯ ನಟ್ಟನಡುವೆ, ತಳದಿಂದ ಮೇಲಕ್ಕೆ ನಿಲ್ಲುತ್ತವೆ. 100ರ ತುಂಡು ಮುಂದಿನ ಗೋಡೆಯ ಮೇಲೆ, ತಳದಿಂದ 40 ಮಿ.ಮೀ. ಎತ್ತರದಲ್ಲಿ, ಅಡ್ಡಕ್ಕೆ, ಎರಡೂ ಕಡೆ 13 ಮಿ.ಮೀ. ಬಿಟ್ಟು.

ಎಡ ಬಲ ಹಲಗೆಗಳ ಒಳಮೈಯಲ್ಲಿ ಕೊರೆಯುವ ಡವ್‌ಟೇಲ್ ಜಾಡು ಕೆಳಗೆ ತೆರೆದಿರಲಿ, ಮೇಲೆ 12 ಮಿ.ಮೀ. ಬಾಕಿ ಇರುವಾಗ ನಿಲ್ಲಲಿ. ಹಲಗೆಯನ್ನು ಮೇಲಿನಿಂದ ಇಳಿಸಿದರೆ ಪಟ್ಟಿಯೊಳಗೆ ಕೂರುತ್ತದೆ, ಮೇಲಂಚಿನಲ್ಲಿ ಏನೂ ಕಾಣುವುದಿಲ್ಲ. ಮುಂದಿನ ಹಲಗೆಯ ಜಾಡು ಎಡತುದಿಯಿಂದ 20 ಮಿ.ಮೀ. ಬಿಟ್ಟು ಶುರುವಾಗಿ ಬಲತುದಿಯಲ್ಲಿ ತೆರೆದುಕೊಳ್ಳಲಿ. ಹಲಗೆಯನ್ನು ಎಡದಿಂದ ಬಲಕ್ಕೆ ಜಾರಿಸಿ ಕೂರಿಸಿದ ಮೇಲೆ, ಬಲತುದಿಯ ತೆರಪಿಗೆ ಅದೇ ಹಲಗೆಯಿಂದ ಕತ್ತರಿಸಿದ 15 ಮಿ.ಮೀ. ತುಂಡನ್ನು ತುಂಬಿಸಿ. ಅಂಟು ಹಾಕುವುದು ಮಾತ್ರ ಎಲ್ಲ ಪರೀಕ್ಷೆ ಮುಗಿದ ಮೇಲೆ.

ಬಿಗಿತ ನೋಡಲು ಸುಲಭದ ದಾರಿ: ಮಾಮೂಲಿ ಎ4 ಕಾಗದದ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಹಲಗೆ ಮತ್ತು ಪಕ್ಕದ ಗೋಡೆಯ ನಡುವೆ ಒಂದು ಕಾಗದ ಸರಾಗವಾಗಿ ಹೋಗಬೇಕು, ಎರಡು ಬಿಗಿಯಾಗಿ ಹೋಗಬೇಕು, ಮೂರು ಹೋಗಲೇಬಾರದು. ಬಿಗಿ ಎಲ್ಲಿದೆ ಅಂತ ತಿಳಿಯದಿದ್ದರೆ ಪಟ್ಟಿಯ ಮೇಲೆ ಮೆತ್ತನೆಯ ಪೆನ್ಸಿಲ್ ಉಜ್ಜಿ, ಹಲಗೆಯನ್ನು ಒಮ್ಮೆ ಜಾರಿಸಿ ತೆಗೆಯಿರಿ. ಜಾಡಿನೊಳಗೆ ಕಪ್ಪು ಹತ್ತಿರುವ ಕಡೆ ಮಾತ್ರ ಉಳಿಯಿಂದ ಒಂದು ಸಿಪ್ಪೆ ತೆಗೆಯಿರಿ. ಉಪ್ಪುಕಾಗದ ಹಾಕಬೇಡಿ, ಅದು ಮೂಲೆಗಳನ್ನು ಗುಂಡಗೆ ಮಾಡುತ್ತದೆ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ. ಅವಸರ ಮಾಡಿದರೆ ಪೆಟ್ಟಿಗೆ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ, ಯಾಕೆಂದರೆ ಸಡಿಲ ಇರುವ ಹಲಗೆಯನ್ನೇ ಎಲ್ಲರೂ ಮೊದಲು ಒತ್ತುವುದು.

4. ಗೂಟ ಮತ್ತು ಜಾಡು

ಮುಂದಿನ ಹಲಗೆಯಲ್ಲಿ 3 ಮಿ.ಮೀ. ತೂತು ಎರಡು. ಎರಡೂ ತಳದಿಂದ 20 ಮಿ.ಮೀ. ಎತ್ತರದಲ್ಲಿ. ಎಡಗಡೆಯದು ಎಡತುದಿಯಿಂದ 8.5 ಮಿ.ಮೀ., ಬಲಗಡೆಯದು ಬಲತುದಿಯಿಂದ 4.5 ಮಿ.ಮೀ. ಈ 4 ಮಿ.ಮೀ. ವ್ಯತ್ಯಾಸವೇ ಮುಂದಿನ ಹಲಗೆಯ ಓಟ.

ಈಗ ಎಡ, ಬಲ, ಮುಂದಿನ ಹಲಗೆಗಳನ್ನೆಲ್ಲ ಅವುಗಳ ಜಾಗದಲ್ಲಿ ಕೂರಿಸಿ, ಹಿಂದಿನ ಹಲಗೆಯನ್ನು ಕ್ಲಾಂಪಿನಿಂದ ಹಿಡಿಸಿ. ತೂತಿನ ಮೂಲಕ 3 ಮಿ.ಮೀ. ಡ್ರಿಲ್ ಬಿಟ್ ಅನ್ನು ಕೈಯಿಂದಲೇ ತಿರುಗಿಸಿ, ತೂತಿನ ಹಿಂದೆ ಬರುವ ಎಡ ಬಲ ಹಲಗೆಗಳ ಅಂಚಿನಲ್ಲಿ ಗುರುತು ಮಾಡಿ. ಜಾಡು ಎಲ್ಲಿರಬೇಕು ಅನ್ನುವುದನ್ನು ಅಳತೆಪಟ್ಟಿಗಿಂತ ಈ ಗುರುತು ಸರಿಯಾಗಿ ಹೇಳುತ್ತದೆ.

ಹಲಗೆ ಬಿಚ್ಚಿ. ಎಡ ಹಲಗೆಯಲ್ಲಿ ಗುರುತಿನಿಂದ ನೇರ ಮೇಲಕ್ಕೆ 7 ಮಿ.ಮೀ., ಅಲ್ಲಿಂದ ಹೊರಮೈಯ ಕಡೆಗೆ 4 ಮಿ.ಮೀ. ಬಲ ಹಲಗೆಯಲ್ಲಿ ಗುರುತಿನಿಂದ ಒಳಮೈಯ ಕಡೆಗೆ 4 ಮಿ.ಮೀ., ಅಲ್ಲಿಂದ ಮೇಲಕ್ಕೆ 7 ಮಿ.ಮೀ. ಗೆರೆ ಎಳೆದು, ಅದರ ಮೇಲೆ 3.2 ಮಿ.ಮೀ. ಬಿಟ್‌ನಿಂದ 5 ಮಿ.ಮೀ. ಆಳಕ್ಕೆ ಸಾಲಾಗಿ ತೂತು ಹಾಕಿ. ಬಿಟ್ ಮೇಲೆ ಟೇಪ್ ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ನಡುವೆ ಉಳಿದ ಗೋಡೆಗಳನ್ನು 3 ಮಿ.ಮೀ. ಉಳಿಯಿಂದ ತೆಗೆಯಿರಿ. ಇದು ಎಳೆಯ ತುದಿ, ಸುಲಭಕ್ಕೆ ಪುಡಿಯಾಗುತ್ತದೆ. ಹಾಗಾಗಿ ಕೊಡತಿ ಬೇಡ, ಅಂಗೈಯಿಂದ ಒತ್ತಿದರೆ ಸಾಕು. ಜಾಡು ತಿರುಗುವ ಒಳಮೂಲೆ ಮಾತ್ರ ಚೂಪಾಗೇ ಉಳಿಯಲಿ. ಅದು ಸವೆದರೆ ಬಲ ಹಲಗೆ ಬೀಗ ಹಾಕದೆ ಜಾರುತ್ತದೆ.

ಗೂಟಕ್ಕೆ ಬಿದಿರು ಬಿಟ್ಟು ಬೇರೆ ಬೇಡ. ಸಣ್ಣ ಗಾತ್ರದಲ್ಲೂ ಅದು ಸುಲಭಕ್ಕೆ ಮುರಿಯುವುದಿಲ್ಲ. 3 ಮಿ.ಮೀ.ಗೆ ಕೆತ್ತಿದ ಕಡ್ಡಿಯನ್ನು ಹೊರಗಿನಿಂದ ತೂರಿಸಿ, ಒಳಗೆ 4 ಮಿ.ಮೀ. ಚಾಚುವಂತೆ ಬಿಡಿ. ಹೊರಗೆ ಒಂದಿಂಚು ಉಳಿಸಿ, ಎಳೆದು ತೆಗೆಯಲು ಬೇಕಾಗುತ್ತದೆ. ಈಗ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿಕೊಂಡು ನಾಲ್ಕೂ ನಡೆ ಆಡಿಸಿ. ಮೇಜಿನ ಮೇಲಿಟ್ಟರೆ ಹಲಗೆ ಇಳಿಯಲು ಜಾಗ ಇರುವುದಿಲ್ಲ. ತಪ್ಪು ಕ್ರಮದಲ್ಲೂ ಒತ್ತಿ ನೋಡಿ: ಮೊದಲೇ ಬಲ ಹಲಗೆ ಒತ್ತಿ, ಮುಂದಿನದನ್ನು ಬಲಕ್ಕೆ ತಳ್ಳಿ, ಎಡ ಹಲಗೆ ಅರ್ಧ ಇಳಿದಾಗ ಮುಂದಿನದನ್ನು ಸರಿಸಿ. ಯಾವುದೂ ಅಲುಗಾಡಬಾರದು.

ಸರಿ ಇದ್ದರೆ ಹಿಂದಿನ ಹಲಗೆಗೆ, ಬಲತುದಿಯ ತುಂಬುತುಂಡಿಗೆ, ಗೂಟಕ್ಕೆ ಅಂಟು. ಗೂಟಕ್ಕೆ ಅಂಟು ತೀರಾ ಕಡಿಮೆ ಇರಲಿ, ಅದೂ ಹೊರತುದಿಗೆ ಮಾತ್ರ. ಒಂದು ಹನಿ ಜಾಡಿನೊಳಗೆ ಇಳಿದರೆ ಪೆಟ್ಟಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಒಣಗಿದ ಮೇಲೆ ಹೊರಗಿನ ಕಡ್ಡಿಯನ್ನು ಮಟ್ಟಸವಾಗಿ ಕೊಯ್ಯಿರಿ.

5. ಮೈಮೇಲಿನ ಚಿತ್ತಾರ

ಈಗ ಮುಂದಿನ ಹಲಗೆಯ ಮೇಲೆ ಎರಡು ಬಿದಿರು ಚುಕ್ಕೆ ಕಾಣುತ್ತವೆ. ಅವುಗಳನ್ನು ಮುಚ್ಚಬೇಕು. ಯೊಸೆಗಿ ಬರುವುದು ಇಲ್ಲಿ.

ಹಕೋನೆಯವರ ಕ್ರಮ ಹೀಗಿದೆ. ಬೇರೆಬೇರೆ ಬಣ್ಣದ ಮರಗಳನ್ನು ಸಣ್ಣ ಕೋಲುಗಳಾಗಿ ಕೊಯ್ದು, ಕೋನಕ್ಕೆ ತಕ್ಕಂತೆ ಕೀಸಿ, ಅಂಟಿಸಿ ಕಟ್ಟು ಮಾಡುತ್ತಾರೆ. ಕಟ್ಟುಗಳನ್ನು ಮತ್ತೆ ಕೊಯ್ದು ಮತ್ತೆ ಜೋಡಿಸಿದಾಗ ದೊಡ್ಡ ದಿಮ್ಮಿ ಸಿಗುತ್ತದೆ. ಅದರ ಮೇಲ್ಮೈಯಿಂದ ಅಗಲ ಅಲಗಿನ ಕೀಸುಳಿಯಲ್ಲಿ ಕಾಗದದಷ್ಟು ತೆಳುವಾದ ಹಾಳೆ ಎಬ್ಬಿಸುತ್ತಾರೆ. ಸುರುಳಿ ಸುತ್ತಿಕೊಂಡ ಹಾಳೆಯನ್ನು ಇಸ್ತ್ರಿ ಹಾಕಿ ಚಪ್ಪಟೆ ಮಾಡಿ ಅಂಟಿಸುತ್ತಾರೆ. ಒಂದೇ ದಿಮ್ಮಿಯಿಂದ ಒಂದೇ ಚಿತ್ತಾರದ ಎಷ್ಟೋ ಹಾಳೆ ಬರುತ್ತದೆ. ನಮ್ಮ ಮೈಸೂರಿನ ಬೀಟೆ ಕೆತ್ತನೆಯಲ್ಲಿ ಹಲಗೆ ತೋಡಿ ಒಂದೊಂದೇ ತುಂಡು ಕೂರಿಸುತ್ತಾರಲ್ಲ, ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು. ಬಣ್ಣ ಮಾತ್ರ ಎರಡರಲ್ಲೂ ಮರದ್ದೇ. ಹಕೋನೆಯಲ್ಲಿ ಬಿಳಿಗೆ ಮಿಜುಕಿ, ಹಳದಿಗೆ ನಿಗಾಕಿ, ಬೂದು ಹಸಿರಿಗೆ ಹೊನೊಕಿ, ಕಪ್ಪಿಗೆ ಬಹುಕಾಲ ಮಣ್ಣಿನಲ್ಲಿ ಹೂತಿದ್ದ ಕತ್ಸುರ.

ನೀವು ಚೌಕಳಿಯಿಂದ ಶುರುಮಾಡಿ, ಜಪಾನಿನಲ್ಲಿ ಇದಕ್ಕೆ ಇಚಿಮತ್ಸು ಅನ್ನುತ್ತಾರೆ. ತೇಗ ಮತ್ತು ಹಾಲೆಯ 10 ಮಿ.ಮೀ. ಪಟ್ಟಿಗಳನ್ನು ಒಂದು ಬಿಟ್ಟು ಒಂದು ಅಂಟಿಸಿ. ಒಣಗಿದ ಮೇಲೆ ಅಡ್ಡಕ್ಕೆ 10 ಮಿ.ಮೀ. ಕೊಯ್ದು, ಒಂದು ಸಾಲು ಬಿಟ್ಟು ಒಂದು ಸಾಲನ್ನು ಒಂದು ಮನೆ ಸರಿಸಿ ಮತ್ತೆ ಅಂಟಿಸಿ. ಹಳದಿ ಬೇಕಿದ್ದರೆ ಹಲಸು ಸೇರಿಸಿ, ಕಡುಗಂದಿಗೆ ಬೀಟೆ. ಬೀಟೆಯನ್ನು ಮಾತ್ರ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಕೀಸುಳಿಯಲ್ಲಿ ಇಡೀ ಹಾಳೆ ಎಬ್ಬಿಸುವುದು ವರ್ಷಗಟ್ಟಲೆ ಅಭ್ಯಾಸ ಬೇಡುತ್ತದೆ. ಹಾಗಾಗಿ ಸಣ್ಣ ಹಲ್ಲಿನ ಗರಗಸದಲ್ಲಿ 1.5 ಮಿ.ಮೀ. ಹೋಳು ಕೊಯ್ದು ಅಂಟಿಸಿ, ಆಮೇಲೆ ಕೀಸಿ ತೆಳ್ಳಗೆ ಮಾಡಿ.

ನಾಲ್ಕೂ ಬದಿಗೆ, ಮುಚ್ಚಳಕ್ಕೆ, ತಳಕ್ಕೆ ಒಂದೇ ಚಿತ್ತಾರ ಹಾಕಿ. ಮುಂದೆ ಮಾತ್ರ ಹಾಕಿದರೆ ಗುಟ್ಟು ಅಲ್ಲೇ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ ಮುಚ್ಚಳದ ಅಂಚು ಚೌಕದ ಗೆರೆಯ ಮೇಲೇ ಬೀಳುವಂತೆ ಹೊಂದಿಸಿದರೆ ಸಂದು ಯಾವುದು, ಚಿತ್ತಾರದ ಗೆರೆ ಯಾವುದು ಅಂತ ಕಣ್ಣಿಗೆ ಸಿಗುವುದಿಲ್ಲ. ಒಂದೊಂದು ಹಲಗೆಯ ಹೋಳನ್ನೂ ಬೇರೆಬೇರೆಯಾಗಿ ಅಂಟಿಸಿ, ಸಂದಿಗೆ ಅಂಟು ಇಳಿಯದಂತೆ ಅಂಚಿನಲ್ಲಿ ತೆಳುವಾಗಿ ಮಾತ್ರ ಹಚ್ಚಿ, ರಾತ್ರಿಯಿಡೀ ಭಾರ ಹೇರಿ.

6. ಕೊನೆಯ ಕೆಲಸ

ಹಲಗೆಗಳು ಜಾರುವ ಜಾಗಕ್ಕೆ ಎಣ್ಣೆ ಹಾಕಬೇಡಿ. ಮರ ಅದನ್ನು ಕುಡಿಯುತ್ತದೆ, ಧೂಳೂ ಹಿಡಿಯುತ್ತದೆ. ಡವ್‌ಟೇಲ್ ಪಟ್ಟಿಗೆ ಮೇಣದಬತ್ತಿಯನ್ನು ಒಮ್ಮೆ ಉಜ್ಜಿದರೆ ಸಾಕು, ಆದರೆ ಅದನ್ನು ಹಲಗೆ ಕೂರಿಸುವಾಗಲೇ, ಗೂಟಕ್ಕೆ ಅಂಟು ಹಾಕುವ ಮೊದಲೇ ಮಾಡಿಕೊಂಡಿರಬೇಕು. ಹೊರಮೈಗೆ ತೆಳುವಾದ ಅರಗಿನ ಪಾಲಿಶ್ ಎರಡು ಕೈ ಹೊಡೆಯಿರಿ. ಪ್ರತಿ ಸಲ ಹಚ್ಚಿದ ಮೇಲೂ, ಒಣಗುವ ಮುಂಚೆ, ನಾಲ್ಕೂ ನಡೆ ಆಡಿಸಿ. ಇಲ್ಲದಿದ್ದರೆ ಸಂದಿನಲ್ಲಿ ಪಾಲಿಶ್ ಹಿಡಿದುಕೊಳ್ಳುತ್ತದೆ.

ಮಳೆಗಾಲದಲ್ಲಿ ಹಲಗೆ ಬಿಗಿಯಾದರೆ ಬಲವಂತ ಮಾಡಬೇಡಿ, ಗೂಟ ಮುರಿದರೆ ಮೈಮೇಲಿನ ಚಿತ್ತಾರ ಕಿತ್ತು ಸರಿಮಾಡಬೇಕಾಗುತ್ತದೆ. ಒಣಗಿದ ಕೋಣೆಯಲ್ಲಿ ಎರಡು ಮೂರು ದಿನ ಇಡಿ. ಬಿಸಿಲಿಗಂತೂ ಇಡಬೇಡಿ. ಆಗಲೂ ಬಿಡದಿದ್ದರೆ ಬಿಗಿ ಇರುವ ಹಲಗೆಯ ಎದುರು ಬದಿಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ, ಸರಿಯಬೇಕಾದ ದಿಕ್ಕಿಗೆ ಹೆಬ್ಬೆರಳಿನಿಂದ ಒತ್ತಿ.